ಗಡಿ ದಾಟೋ ಕಾರಿಗೆ ನೆಟ್‌ವರ್ಕ್ ಎಲ್ಲಿ ಕೈಕೊಡುತ್ತೆ?

[ದೃಶ್ಯ: ಅತ್ತಿಬೆಲೆ, ಹೊಸೂರು ಕಡೆ ಸಾಗುವ ಲಾರಿಗಳು]

ನಮಸ್ಕಾರ. ಬೆಂಗಳೂರಿಂದ ಹೊಸೂರಿಗೆ ಹೊರಟರೆ ಅತ್ತಿಬೆಲೆ ಹತ್ತಿರ ಮೊಬೈಲ್ ಸೇವೆಯ ಕರ್ನಾಟಕ ಸರ್ಕಲ್, ಅಂದ್ರೆ ವಲಯ, ಮುಗಿದು ತಮಿಳುನಾಡು ಸರ್ಕಲ್ ಶುರು. ಫೋನಲ್ಲಿ ಮಾತಾಡ್ತಿರೋರಿಗೆ ಸಾಮಾನ್ಯವಾಗಿ ಗೊತ್ತೂ ಆಗಲ್ಲ, ಯಾಕಂದ್ರೆ ಎರಡೂ ಕಡೆ ಕಂಪನಿ ಒಂದೇ. ಜರ್ಮನಿಯಿಂದ ಫ್ರಾನ್ಸಿಗೆ ಹೋಗೋ ಕಾರಿಗೆ ಆ ಸುಖ ಇಲ್ಲ. 262ರಿಂದ ಶುರುವಾಗೋ ನೆಟ್‌ವರ್ಕ್ ಕೋಡ್ ಬಿಟ್ಟು 208ರದ್ದು ಹಿಡೀಬೇಕು.

[ಗ್ರಾಫಿಕ್: ಗಡಿರೇಖೆ, ಎರಡು ಟವರ್, ನಡುವೆ ಕಾರು]

ಕಾರಿನೊಳಗೆ ಟವರ್ ಜೊತೆ ಮಾತಾಡೋ ಮೋಡೆಮ್ ಹಳೇ ನೆಟ್‌ವರ್ಕನ್ನ ಸುಲಭಕ್ಕೆ ಬಿಡಲ್ಲ. ಪಕ್ಕದಲ್ಲೇ ಫ್ರೆಂಚ್ ಟವರ್ ಇದ್ರೂ, ಕ್ಷೀಣವಾದ ಜರ್ಮನ್ ಸಿಗ್ನಲ್‌ಗೇ ಅಂಟಿಕೊಂಡಿರುತ್ತೆ. ಅದು ಪೂರ್ತಿ ಸತ್ತ ಮೇಲೆ ಬ್ಯಾಂಡ್‌ಗಳನ್ನ ಹುಡುಕಿ, ಹೊಸ ಕಡೆ ನೋಂದಣಿ ಕೇಳಿ, ಸಿಮ್ ಅಸಲಿಯೇ ಅಂತ ತವರು ನೆಟ್‌ವರ್ಕ್‌ನಿಂದ ಖಾತ್ರಿ ಆಗಿ, ಆಮೇಲೆ ಡೇಟಾ ಸೆಷನ್. ಇಷ್ಟಕ್ಕೆ ಅರ್ಧ ನಿಮಿಷ ಹಿಡಿದ್ರೂ, ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 800 ಮೀಟರ್ ದಾಟಿರುತ್ತೆ. ಒಂದೇ ನೆಟ್‌ವರ್ಕ್ ಒಳಗೆ ಟವರಿಂದ ಟವರಿಗೆ ದಾಟಿಸೋ ಹ್ಯಾಂಡೋವರ್‌ನಲ್ಲಿ 50 ಮಿಲಿಸೆಕೆಂಡ್ ಹೋದ್ರೆ ಒಂದೂವರೆ ಮೀಟರೂ ಆಗಲ್ಲ.

ಕ್ಯಾಮೆರಾ, ರೇಡಾರ್ ಇರೋದ್ರಿಂದ ಕಾರು ಕುರುಡಾಗಲ್ಲ, ನಿಜ. ಆದ್ರೆ ತಿರುವಿನಾಚೆ ಆಗಿರೋ ಅಪಘಾತದ ಸುದ್ದಿ ಬರಲ್ಲ. ದೂರದಿಂದ ಯಾರಾದ್ರೂ ಓಡಿಸ್ತಿದ್ರೆ ಗಾಡಿ ನಿಲ್ಲಿಸಲೇಬೇಕು. 5ಜಿ ಹಾಕಿದ್ರೆ ಇದೆಲ್ಲ ತಾನಾಗೇ ಸರಿಹೋಗುತ್ತೆ ಅನ್ನೋದು ಜಾಹೀರಾತಿನ ಮಾತು.

[ಗ್ರಾಫಿಕ್: ಎರಡು ಕೋರ್‌ಗಳ ನಡುವೆ ಒಂದು ಗೆರೆ]

ಮದ್ದು ಇರೋದು ಕೋರ್‌ನಲ್ಲಿ, ಅಂದ್ರೆ ಟವರ್‌ಗಳ ಹಿಂದೆ ಕೂತು ನೆಟ್‌ವರ್ಕ್ ನಡೆಸೋ ಕೇಂದ್ರದಲ್ಲಿ. 4ಜಿಯಲ್ಲಿ ಎಸ್10, 5ಜಿಯಲ್ಲಿ ಎನ್14 ಅನ್ನೋ ಇಂಟರ್‌ಫೇಸ್ ಮೂಲಕ ಎರಡು ಕಂಪನಿಗಳ ಕೋರ್ ಜೋಡಿಸಿ, ಪರಸ್ಪರ ಗಡಿ ಟವರ್‌ಗಳನ್ನ ನೆರೆಪಟ್ಟಿಗೆ, ಅಂದ್ರೆ ಮುಂದೆ ಹಿಡಿಯಬಹುದಾದ ಟವರ್‌ಗಳ ಪಟ್ಟಿಗೆ, ಸೇರಿಸಿದ್ರೆ, ಸಿಗ್ನಲ್ ಸಾಯೋ ಮೊದಲೇ ಕಾರನ್ನ ಆಚೆಗೆ ದಾಟಿಸಬಹುದು. ಸ್ಟ್ಯಾಂಡರ್ಡ್‌ನಲ್ಲಿ ಇದು ಇದೆ. ಕಷ್ಟ ಇರೋದು ಕಂಪನಿಗಳು ಒಪ್ಪಂದಕ್ಕೆ ಕೂರೋದ್ರಲ್ಲಿ. 2018ರಲ್ಲಿ ಶುರುವಾದ ಯುರೋಪಿನ ಮೂರು ಯೋಜನೆಗಳು ಗಡಿ ದಾಟೋ ಈ ಸಮಸ್ಯೆಯನ್ನೇ ರಸ್ತೆಗಿಳಿಸಿ ನೋಡಿದ್ವು: ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಸೇರೋ ಕಡೆ 5ಜಿ-ಕ್ರೊಕೊ, ಬೊಲೋನ್ಯಾದಿಂದ ಮ್ಯೂನಿಕ್‌ವರೆಗೆ 5ಜಿ-ಕಾರ್ಮೆನ್, ಸ್ಪೇನ್-ಪೋರ್ಚುಗಲ್ ಮತ್ತು ಗ್ರೀಸ್-ಟರ್ಕಿ ಗಡಿಗಳಲ್ಲಿ 5ಜಿ-ಮೊಬಿಕ್ಸ್.

ಹ್ಯಾಂಡೋವರ್ ಸರಿಯಾಯ್ತು ಅಂತ ಖುಷಿಪಡೋ ಹಾಗಿಲ್ಲ. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ತವರು ದೇಶಕ್ಕೆ ಹೋಗಿಯೇ ಇಂಟರ್ನೆಟ್‌ಗೆ ಹೊರಬೀಳುತ್ತೆ. ಫೈಬರ್‌ನಲ್ಲಿ 1000 ಕಿಲೋಮೀಟರ್ ದೂರಕ್ಕೆ ಹೋಗಿಬರೋಕೇ 10 ಮಿಲಿಸೆಕೆಂಡ್. ರೂಟರ್‌ಗಳ ಕಾಯುವಿಕೆ ಬೇರೆ. ಅಲ್ಲೇ ಸ್ಥಳೀಯವಾಗಿ ಹೊರಬಿಟ್ರೆ ದಾರಿ ಹತ್ತಿರ, ಆದ್ರೆ ಐಪಿ ವಿಳಾಸ ಬದಲಾಗುತ್ತೆ, ಆ ವಿಳಾಸವನ್ನೇ ನಂಬಿರೋ ಟಿಸಿಪಿ ಸಂಪರ್ಕ ಮುರಿದುಬೀಳುತ್ತೆ. ಆ್ಯಪ್ ಬರೆಯೋರು ಇಲ್ಲಿ ಕ್ವಿಕ್ ಪ್ರೋಟೋಕಾಲ್ ನೋಡಿ: ಅದು ಸಂಪರ್ಕವನ್ನ ಐಪಿಯಿಂದಲ್ಲ, ತನ್ನದೇ ಐಡಿಯಿಂದ ಗುರುತಿಸುತ್ತೆ. 5ಜಿ ಕೋರ್‌ನ ಎಸ್‌ಎಸ್‌ಸಿ ಮೋಡ್ 3 ಇನ್ನೊಂದು ದಾರಿ: ಹೊಸ ಸೆಷನ್ ಕಟ್ಟಿದ ಮೇಲೇ ಹಳೇದನ್ನ ಬಿಡುತ್ತೆ. ಎರಡೂ ದೇಶದಲ್ಲಿ ಬಳಸೋರ ಹತ್ತಿರವೇ ಇಟ್ಟಿರೋ ಎಡ್ಜ್ ಸರ್ವರ್‌ಗಳು ಎಚ್ಚರಿಕೆ ಸಂದೇಶಗಳನ್ನ ಹಂಚಿಕೊಳ್ಳದಿದ್ರೆ ಇದೂ ದಂಡ.

ಒಪ್ಪಂದಕ್ಕೆ ಕಾಯೋಕಾಗದವರು ಎರಡು ಸಿಮ್ ಹಾಕ್ತಾರೆ. ಒಂದೇ ಮೋಡೆಮ್‌ಗೆ ಎರಡು ಸಿಮ್ ಸಿಕ್ಕಿಸಿದ್ರೆ ಸಾಲದು. ಎರಡು ಮೋಡೆಮ್ ಬೇಕು, ಎರಡೂ ಜೀವಂತ ಇರಬೇಕು. ಖರ್ಚು ಜಾಸ್ತಿ. ಅಕ್ಕಪಕ್ಕದ ಗಾಡಿಗಳಿಗೆ ಮಾತ್ರ ಹೇಳಬೇಕಾದ್ದಕ್ಕೆ 5.9 ಗಿಗಾಹರ್ಟ್ಸ್‌ನ ನೇರ ಸಂಪರ್ಕ ಸಾಕು. ಅದಕ್ಕೆ ಟವರೂ ಬೇಡ.

[ದೃಶ್ಯ: ಲ್ಯಾಪ್‌ಟಾಪ್‌ನಲ್ಲಿ ಲಾಗ್]

ಟೆಸ್ಟ್ ಮಾಡೋರು ಕಾರು ಮತ್ತು ಸರ್ವರ್ ಎರಡರ ಗಡಿಯಾರವನ್ನೂ ಜಿಪಿಎಸ್‌ಗೆ ಹೊಂದಿಸಿ. ಇಲ್ಲದಿದ್ರೆ ಒಮ್ಮುಖ ವಿಳಂಬದ ಲೆಕ್ಕ ಸುಳ್ಳು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸ್ತಾ ನೆಟ್‌ವರ್ಕ್ ಕೋಡ್, ಸಿಗ್ನಲ್ ಬಲ, ಐಪಿ ಮೂರನ್ನೂ ಒಟ್ಟಿಗೆ ದಾಖಲಿಸಿ. ಹೋಗೋ ದಾರಿ, ಬರೋ ದಾರಿ ಎರಡನ್ನೂ ಅಳೀರಿ. ಮೋಡೆಮ್ ಹಳೇದಕ್ಕೆ ಅಂಟಿಕೊಳ್ಳೋದ್ರಿಂದ ನೆಟ್‌ವರ್ಕ್ ಬದಲಾಗೋ ಜಾಗ ಎರಡೂ ದಿಕ್ಕಿನಲ್ಲಿ ಒಂದೇ ಇರಲ್ಲ.