ಗೆರೆ ಎಳೆದರೆ ಡಿಸ್ಕ್ ಎರಡಾಗುವುದಿಲ್ಲ

ಕೇಳುಗರಿಗೆ ನಮಸ್ಕಾರ. ತುಮಕೂರು ಜಿಲ್ಲೆಯ ಮಂಡಿ, ಅಂಗಡಿ, ಹಾಲಿನ ಡೇರಿ, ಸಹಕಾರ ಸಂಘಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಬರೆಯುವವರನ್ನು ನೆನೆದು ಈ ಮಾತು ಆಡುತ್ತಿದ್ದೇನೆ. ನಿಮ್ಮ ಪರದೆಯ ಮೇಲೆ ಸಿ ಡ್ರೈವ್, ಡಿ ಡ್ರೈವ್ ಎಂದು ಕಾಣಿಸುತ್ತದೆ, ಕೆಲವರಿಗೆ ಇ ಕೂಡ. ಆದರೆ ಪೆಟ್ಟಿಗೆ ಬಿಚ್ಚಿದರೆ ಒಳಗಿರುವುದು ಸಾಮಾನ್ಯವಾಗಿ ಒಂದೇ ಡಿಸ್ಕ್. ಈ ಭಾಗಗಳಿಗೆ ಪಾರ್ಟಿಷನ್ ಎನ್ನುತ್ತಾರೆ.

ಒಂದು ಸರ್ವೆ ನಂಬರಿನ ಜಮೀನನ್ನು ಅಣ್ಣತಮ್ಮಂದಿರು ಹಂಚಿಕೊಂಡು ಪೋಡಿ ಮಾಡಿಸಿದರೆ ದಾಖಲೆಯಲ್ಲಿ ಎರಡು ಹಿಸ್ಸೆ ಆಗುತ್ತದೆ. ಕೆರೆ ಏರಿ ಒಡೆದ ದಿನ ನೀರು ಹಿಸ್ಸಾ ನಂಬರು ಕೇಳಿ ನುಗ್ಗುವುದಿಲ್ಲ. ಪಾರ್ಟಿಷನ್ ಕೂಡ ಅಷ್ಟೇ. ಡಿಸ್ಕಿನ ಆರಂಭದಲ್ಲಿ ಒಂದು ಪುಟ್ಟ ಕೋಷ್ಟಕವಿರುತ್ತದೆ. ಯಾವ ಭಾಗ ಎಲ್ಲಿ ಶುರು, ಎಷ್ಟು ಉದ್ದ ಎಂದು ಅದರಲ್ಲಿ ಬರೆದಿರುತ್ತದೆ. ನಡುವೆ ಗೋಡೆ ಇಲ್ಲ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ವಿಷಯ ಹೇಳಲೇಬೇಕು. ಅಲ್ಲಿನ ಗುಮಾಸ್ತರು ಬಹಳ ಶಿಸ್ತಿನ ಮನುಷ್ಯ. ಪ್ರತಿ ಸಂಜೆ ಲೆಕ್ಕ ಮುಗಿಸಿ, ಡಿ ಡ್ರೈವಿನಲ್ಲಿದ್ದ ಕಡತವನ್ನು ಇ ಡ್ರೈವಿಗೆ ನಕಲು ಮಾಡಿ, ದಿನಾಂಕ ಹಾಕಿಯೇ ಮನೆಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಕಂಪ್ಯೂಟರಿನಿಂದ ಟಕ್ ಟಕ್ ಎಂದು ಸದ್ದು. ವಿಂಡೋಸ್ ತೆರೆಯಲೇ ಇಲ್ಲ. ನನ್ನನ್ನು ಕರೆಸಿದರು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯಿಂದ ಮಾಹಿತಿ ಓದುವ ಹೆಡ್ ಕೆಟ್ಟಿತ್ತು. ಯಜಮಾನರು ಗಾಬರಿಯಾದರೂ ಗುಮಾಸ್ತರು ನೆಮ್ಮದಿಯಿಂದ ಕುಳಿತಿದ್ದರು. "ಡಿ ಹೋದರೆ ಹೋಗಲಿ ಸ್ವಾಮಿ, ಇ ಇದೆಯಲ್ಲ" ಎಂದರು. ಅವರಿಗೆ ಉತ್ತರ ಹೇಳುವುದು ನನಗೆ ಬಹಳ ಕಷ್ಟವಾಯಿತು. ಡಿ ಮತ್ತು ಇ ಎರಡನ್ನೂ ಓದುತ್ತಿದ್ದದ್ದು ಕೆಟ್ಟುಹೋದ ಅದೇ ಹೆಡ್. ಕೊನೆಗೆ ಮಾರ್ಚ್ ತನಕದ ಲೆಕ್ಕ ಆಡಿಟರ್ ಕಚೇರಿಯಲ್ಲಿ ಸಿಕ್ಕಿತು. ಅಲ್ಲಿಂದ ಮುಂದಿನದನ್ನು ಗುಮಾಸ್ತರೂ ಯಜಮಾನರ ಮಗಳೂ ರಸೀದಿ ಕಟ್ಟುಗಳನ್ನು ಬಿಚ್ಚಿಕೊಂಡು ಮತ್ತೆ ಟೈಪು ಮಾಡಿದರು. ಅಷ್ಟು ಶ್ರದ್ಧೆಯ ಮನುಷ್ಯನಿಗೆ, ಅದು ಎರಡನೇ ಡಿಸ್ಕ್ ಅಲ್ಲ ಎಂದು ಕಂಪ್ಯೂಟರ್ ಮಾರಿದವರು ಒಂದು ಮಾತು ಹೇಳಬಾರದಿತ್ತೇ?

ಹಾಗಾದರೆ ಭಾಗ ಮಾಡುವುದೇಕೆ? ವಿಂಡೋಸ್ ಕೆಟ್ಟಾಗ ಸಿ ಭಾಗವನ್ನಷ್ಟೇ ಅಳಿಸಿ ಹೊಸದಾಗಿ ಹಾಕಬಹುದು. ಡಿಯಲ್ಲಿರುವ ಕಡತಗಳು ಹಾಗೇ ಉಳಿಯುತ್ತವೆ. ಈ ಅನುಕೂಲ ದೊಡ್ಡದೇ. ಆದರೆ ಡಿಸ್ಕೇ ಸತ್ತರೆ ಸಿ, ಡಿ, ಇ ಎಲ್ಲವೂ ಒಟ್ಟಿಗೆ ಹೋಗುತ್ತವೆ. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಇದ್ದರೂ ಇದೇ ಮಾತು. ಅದು ಸದ್ದು ಕೂಡ ಮಾಡದೆ ಹೋಗುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಐಬಿಎಂ ಪಿಸಿಗಳಿಗೆ 1983ರಲ್ಲಿ ಬಂದ ಎಂಬಿಆರ್ ಎಂಬ ಹಳೆಯ ಕೋಷ್ಟಕದಲ್ಲಿ ನಾಲ್ಕೇ ಸಾಲು, ಹಾಗಾಗಿ ನಾಲ್ಕೇ ಮುಖ್ಯ ಭಾಗ. 2 ಟೆರಾಬೈಟ್ ದಾಟಿದ ಜಾಗ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಈಗಿನದು ಜಿಪಿಟಿ. ಅದರಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಸ್ಥಳವಿದೆ, ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತದೆ. ಹೊಸ ಡಿಸ್ಕ್ ತಂದರೆ ಜಿಪಿಟಿಯನ್ನೇ ಆರಿಸಿ. ಯಾರಾದರೂ ಕೈತಪ್ಪಿ ಪಾರ್ಟಿಷನ್ ಅಳಿಸಿದರೆ ಕೋಷ್ಟಕದ ಸಾಲು ಮಾತ್ರ ಹೋಗಿರುತ್ತದೆ. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯದೆ ತಿಳಿದವರ ಬಳಿ ಒಯ್ಯಿರಿ, ಕಡತಗಳು ಸಿಗುವ ಸಾಧ್ಯತೆ ಇದೆ.

ಇಂದೇ ಒಂದು ಕೆಲಸ ಮಾಡಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಡಿಸ್ಕ್ 0 ಎಂಬ ಸಾಲು ಕಾಣುತ್ತದೆ. ನಿಮ್ಮ ಲೆಕ್ಕವೂ ಅದರ ನಕಲೂ ಅದೇ ಸಾಲಿನಲ್ಲಿದ್ದರೆ ನಿಮ್ಮ ಬಳಿ ನಕಲು ಇಲ್ಲವೆಂದೇ ತಿಳಿಯಿರಿ. ಹೊರಗಿನ ಹಾರ್ಡ್ ಡಿಸ್ಕೊಂದನ್ನು ತಂದು ಜೋಡಿಸಿದರೆ ಡಿಸ್ಕ್ 1 ಎಂಬ ಬೇರೆ ಸಾಲು ಬರುತ್ತದೆ. ನಕಲು ಅಲ್ಲಿಗೆ ಹೋಗಲಿ, ಆಮೇಲೆ ಅದನ್ನು ಕಳಚಿ ಬೀರುವಿನಲ್ಲಿಡಿ. ನಮಸ್ಕಾರ.