ಧ್ವನಿಮುದ್ರಣ ಕೇಳಿ ಕಂಠಕ್ಕೆ ಅಂಕ ಕೊಡುವವರಿಗೆ

ನಮಸ್ಕಾರ, ದಾವಣಗೆರೆಯಿಂದ ಮಾತನಾಡುತ್ತಿದ್ದೇನೆ. ಗಾಯನ ಸ್ಪರ್ಧೆಗಳ ಮೊದಲ ಸುತ್ತಿಗೆ ಮೊಬೈಲಿನಲ್ಲಿ ಮುದ್ರಿಸಿದ ಹಾಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ರೂಢಿ ಈಗ ನಮ್ಮ ಕಡೆಗೂ ಬಂದಿದೆ. ತೀರ್ಪುಗಾರರು ಇಯರ್‌ಫೋನಿನಲ್ಲಿ ಕೇಳಿ, ಒಬ್ಬರ ಹೆಸರಿನ ಮುಂದೆ ‘ತುಂಬು ಕಂಠ’ ಎಂದೂ ಇನ್ನೊಬ್ಬರ ಮುಂದೆ ‘ಧ್ವನಿ ಸಣ್ಣದು’ ಎಂದೂ ಬರೆದು ಅಂಕ ಹಾಕುತ್ತಾರೆ. ನನ್ನ ತಕರಾರು ಈ ಎರಡು ಷರಾಗಳ ಬಗ್ಗೆ. ಮುದ್ರಣದಿಂದ ಕಂಠದ ಗಾತ್ರ ತಿಳಿಯುವುದಿಲ್ಲ. ತಿಳಿಯದ ಸಂಗತಿಗೆ ಅಂಕ ಕೊಡಬಾರದು.

ಇದನ್ನು ಪರೀಕ್ಷಿಸಲು ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕವಾದ ಒಪೇರಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಲ್ಲಿ ಗಾಯಕರು ಮೈಕಿಲ್ಲದೆ, ದೊಡ್ಡ ವಾದ್ಯವೃಂದವನ್ನು ಮೀರಿ, ಎರಡು ಮೂರು ಸಾವಿರ ಜನರಿಗೆ ಕೇಳುವಂತೆ ಹಾಡಬೇಕು. ಚಿಂದೋಡಿ ಮನೆತನದ ಕಂಪನಿ ನಾಟಕಗಳನ್ನು ಕಂಡ ಈ ಊರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಕು ಬರುವ ಮುಂಚೆ ರಂಗಗೀತೆ ಪ್ರೇಕ್ಷಕರ ಕೊನೆಯ ಸಾಲಿಗೆ ಮುಟ್ಟದಿದ್ದರೆ ನಟನಿಗೆ ಬೆಲೆಯಿರಲಿಲ್ಲ. ತರಬೇತಾದ ಒಪೇರಾ ಕಂಠದಲ್ಲಿ, ಮುಖ್ಯವಾಗಿ ಪುರುಷರ ಕಂಠದಲ್ಲಿ, ಸುಮಾರು 3000 ಹರ್ಟ್ಜ್ (ಸೆಕೆಂಡಿಗೆ 3000 ಕಂಪನ) ಆಸುಪಾಸಿನಲ್ಲಿ ಶಕ್ತಿ ಒಟ್ಟುಗೂಡಿರುತ್ತದೆ. ವಾದ್ಯವೃಂದದ ಬಲ ಕಡಿಮೆಯಾಗುವ ಜಾಗವೇ ಅದು. 1925ರ ಹೊತ್ತಿಗೆ ವಿದ್ಯುತ್ ಮೈಕ್ರೊಫೋನು ಬರುವವರೆಗೆ ಮುದ್ರಣಕ್ಕಾಗಿ ಗಾಯಕರು ಲೋಹದ ಕಹಳೆಯೊಂದರೊಳಗೆ ಹಾಡುತ್ತಿದ್ದರು, ಮತ್ತು ಆ ಯಂತ್ರ ಈ ಭಾಗವನ್ನು ಹೆಚ್ಚುಕಡಿಮೆ ಹಿಡಿಯುತ್ತಲೇ ಇರಲಿಲ್ಲ. 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಇಟಲಿಯ ಒಪೇರಾ ಗಾಯಕ ಕರೂಸೋ ಹಾಡಿದ್ದೂ, ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹಾಡಿದ್ದೂ ಇಂಥ ಕಹಳೆಗೇ; ಇಬ್ಬರನ್ನೂ ಮುದ್ರಿಸಿದವರು ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್. ಇನ್ನೂ ಒಂದು ತೊಡಕಿದೆ. ಆ ಕಾಲದ ಗ್ರಾಮೊಫೋನ್ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರಿ, ಕಂಠವೂ ತೆಳ್ಳಗಾಗುತ್ತದೆ. ಯೂಟ್ಯೂಬಿನಲ್ಲಿ ಯಾರೋ ಏರಿಸಿದ ಪ್ರತಿಯನ್ನು ಕೇಳಿ ‘ಇಷ್ಟೇನಾ ಕರೂಸೋ’ ಎನ್ನುವವರು ಕರೂಸೋ ಅವರನ್ನಲ್ಲ, ತಟ್ಟೆ ತಿರುಗಿಸಿದವನನ್ನು ಅಳೆಯುತ್ತಿರುತ್ತಾರೆ.

ತಂತ್ರಜ್ಞಾನ ಸುಧಾರಿಸಿದ ಮೇಲೆ ತೊಂದರೆ ತಿರುವುಮುರುವಾಯಿತು: ಇಲ್ಲದ್ದೂ ಸೇರತೊಡಗಿತು. 1952ರಲ್ಲಿ ಫುರ್ಟ್‌ವೆಂಗ್ಲರ್ ವಾದ್ಯವೃಂದ ನಿರ್ದೇಶನದಲ್ಲಿ ಮುದ್ರಣವಾದ ವಾಗ್ನರನ ಒಪೇರಾ ‘ಟ್ರಿಸ್ಟಾನ್ ಉಂಡ್ ಇಸೋಲ್ಡೆ’ಯಲ್ಲಿ ನಾಯಕಿಯ ಪಾತ್ರ ಹಾಡಿದ ಐವತ್ತಾರರ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಪರವಾಗಿ ಅತಿತಾರದ ಸ್ವರಗಳನ್ನು ಇನ್ನೊಬ್ಬ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದರು. ಗುಟ್ಟು ಹೊರಬಿದ್ದಾಗ ಗದ್ದಲವಾಯಿತು. ಆದರೂ ಆ ಮುದ್ರಣವನ್ನು ಶ್ರೇಷ್ಠವೆನ್ನಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದರ ಹಿರಿಮೆ ಇರುವುದು ಎರವಲು ಸ್ವರಗಳಲ್ಲಲ್ಲ, ನಾಲ್ಕು ಗಂಟೆಗಳ ಉದ್ದಕ್ಕೂ ಫ್ಲಾಗ್‌ಸ್ಟಾಡ್ ಸಾಲುಗಳನ್ನು ಕಟ್ಟಿಕೊಂಡು ಹೋಗುವ ಸಾವಧಾನದಲ್ಲಿ. ‘ಏರುಸ್ವರ ಸಲೀಸಾಗಿದೆ’ ಎಂದು ಹೊಗಳಿದವರು ಮಾತ್ರ ಮೋಸಹೋದರು.

ಇದಕ್ಕೆ ಎದುರಾಗಿ 1958ರ ಮಾರ್ಚಿನಲ್ಲಿ ಲಿಸ್ಬನ್ನಿನಲ್ಲಿ ಗಾಯಕಿ ಮರಿಯಾ ಕಾಲಾಸ್ ಹಾಡಿದ ವೆರ್ಡಿಯ ಒಪೇರಾ ‘ಲಾ ಟ್ರಾವಿಯಾಟಾ’ವನ್ನು ಇಟ್ಟು ನೋಡಿ. ಅದು ರಂಗದಿಂದ ನೇರವಾಗಿ ಹಿಡಿದದ್ದು. ಕೆಮ್ಮು ಕೇಳಿಸುತ್ತದೆ, ನಮ್ಮ ಕಂಪನಿ ನಾಟಕದ ಹಾಗೆ ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರನ ದನಿಯೂ ಕೇಳಿಸುತ್ತದೆ. ಕ್ಷಯದಿಂದ ಸಾಯುತ್ತಿರುವ ನಾಯಕಿ ವಯೊಲೆಟ್ಟಾ ಕಳೆದ ದಿನಗಳಿಗೆ ವಿದಾಯ ಹೇಳುವ ಹಾಡಿನಲ್ಲಿ ಕಾಲಾಸ್ ಸ್ವರವನ್ನು ಮುರಿಯುವಷ್ಟು ತೆಳುವಾಗಿಸುತ್ತಾರೆ. ಸೌಂದರ್ಯಕ್ಕೆ ಅಂಕ ಕೊಡುವವರು ಅಲ್ಲಿ ಕಳೆಯಬೇಕಾದೀತು. ನಾನು ಕಳೆಯುವುದಿಲ್ಲ. ಯಾವ ಪದದ ಮೇಲೆ ಉಸಿರು ನಿಂತಿತು, ಯಾವ ಅಕ್ಷರ ಭಾರವಾಯಿತು ಎಂಬುದು ಕೆಟ್ಟ ಮುದ್ರಣದಲ್ಲೂ ಉಳಿದುಬರುತ್ತದೆ, ಮತ್ತು ಅದು ಗಾಯಕಿಯದೇ ನಿರ್ಧಾರ.

ನಮ್ಮ ಗಂಗೂಬಾಯಿ ಹಾನಗಲ್ ಅವರ ವಿಷಯದಲ್ಲೂ ಇದು ನಿಜ. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳ ಕಂಠವೇ ಬೇರೆ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ ಗಂಭೀರ ಕಂಠವೇ ಬೇರೆ. ಕಂಠಕ್ಕೆ ಅಂಕವಾದರೆ ಇಬ್ಬರು ಗಾಯಕಿಯರಾಗುತ್ತಾರೆ; ಸ್ವರದ ಮೇಲೆ ಅವಸರವಿಲ್ಲದೆ ನಿಲ್ಲುವ ಕಿರಾನಾ ಘರಾಣೆಯ ಗುಣವನ್ನು ಕೇಳಿದರೆ ಒಬ್ಬರೇ.

ಹಾಗಾಗಿ ಸ್ಪರ್ಧೆ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟು. ಹಾಡು ಒಂದೇ ಸಲಕ್ಕೆ, ಎಲ್ಲಿಯೂ ಕತ್ತರಿಸದೆ ಮುದ್ರಣವಾಗಿರಲಿ. ಪ್ರತಿಧ್ವನಿ ಸೇರಿಸುವ, ಶ್ರುತಿ ತಿದ್ದುವ ಆ್ಯಪ್‌ಗಳಿಗೆ ಅವಕಾಶ ಬೇಡ. ಎಲ್ಲರೂ ಮೊಬೈಲನ್ನು ಒಂದೇ ದೂರದಲ್ಲಿಟ್ಟು ಹಾಡಲಿ. ಅಂಕಪಟ್ಟಿಯಲ್ಲಿ ಶ್ರುತಿ, ಲಯ, ಉಚ್ಚಾರ, ಉಸಿರಿನ ಹಂಚಿಕೆ ಇರಲಿ. ಕಂಠ ಎಂಬ ಕಾಲಂ ಎರಡನೆಯ ಸುತ್ತಿಗೆ, ಅಭ್ಯರ್ಥಿ ಸಭಾಂಗಣಕ್ಕೆ ಬಂದು ಮೈಕಿಲ್ಲದೆ ಎದುರು ನಿಂತು ಹಾಡುವ ದಿನಕ್ಕೆ, ಉಳಿಯಲಿ.