ಸಂಪಿಗೆ ಮೊಗ್ಗಿನ ಬಾಣ

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅಪ್ಪ ದಿನಾ ಬೆಳಗ್ಗೆ ಕಂಪ್ಯೂಟರಿನಲ್ಲಿ ಪೇಪರ್ ಓದುತ್ತಾರೆ. ಪುಟ ಬಿಳಿ, ಮೌಸಿನ ಬಾಣವೂ ಬಿಳಿ. "ಎಲ್ಲೋಯ್ತಪ್ಪಾ ಇದು" ಅಂತ ಮೌಸನ್ನು ಅತ್ತಿತ್ತ ಅಲ್ಲಾಡಿಸಿ ಹುಡುಕುತ್ತಿದ್ದರು. ಈ ಬಾಣಕ್ಕೇ ಕರ್ಸರ್ ಅನ್ನುವುದು. ಆಗ ನಾನು ಬೇರೆ ಕರ್ಸರ್ ಹುಡುಕಲು ಹೊರಟೆ.

ಎಷ್ಟು ಜನ ಇಂಥ ಕರ್ಸರ್‌ಗಳನ್ನು ಪ್ರೀತಿಯಿಂದ ಬರೆದು ಪುಕ್ಕಟೆ ಹಂಚುತ್ತಾರೆ ಗೊತ್ತಾ? ಬೆಕ್ಕಿನ ಪಂಜ, ಪೆನ್ಸಿಲ್, ದಪ್ಪ ಹಳದಿ ಬಾಣ, ಏನು ಬೇಕು ಹೇಳಿ. ವಿಂಡೋಸ್‌ನಲ್ಲಿ ಹಾಕಿಕೊಳ್ಳುವುದೂ ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್, ಅದರಲ್ಲಿ ಪಾಯಿಂಟರ್ಸ್, ಅಲ್ಲಿ ಬ್ರೌಸ್ ಒತ್ತಿ ಫೈಲ್ ಆರಿಸಿದರಾಯಿತು. ಫೈಲಿನ ಹೆಸರು ಡಾಟ್ ಸಿಯುಆರ್ ಅಂತ ಮುಗಿದರೆ ನಿಂತ ಚಿತ್ರ, ಡಾಟ್ ಎಎನ್‌ಐ ಅಂತಿದ್ದರೆ ಕುಣಿಯುವ ಚಿತ್ರ. ಡಾಟ್ ಇಎಕ್ಸ್‌ಇ ಬಂದರೆ ಮಾತ್ರ ದಯವಿಟ್ಟು ತೆರೆಯಬೇಡಿ. ಅದು ಚಿತ್ರವಲ್ಲ, ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ; ಬರೀ ಒಂದು ಬಾಣಕ್ಕೆ ಅದು ಬೇಕಾಗಿಲ್ಲ.

ಆಮೇಲೆ ನಾನೇ ಒಂದು ಸಂಪಿಗೆ ಮೊಗ್ಗು ಬರೆದೆ. ಸಾಮಾನ್ಯವಾಗಿ ಕರ್ಸರ್ ಅಂದರೆ ಅಡ್ಡ 32, ಉದ್ದ 32 ಚುಕ್ಕಿ. ಥೇಟ್ ನಮ್ಮ ಅಮ್ಮ ಇಡುವ ಚುಕ್ಕಿ ರಂಗೋಲಿ! ನೇರ ಗೆರೆ, ಓರೆ ಗೆರೆ ಸಲೀಸು, ಬಳಸಿ ಬರುವ ಗೆರೆಗೆ ಚುಕ್ಕಿ ಸಾಲುವುದಿಲ್ಲ. ಬಾಣ ವಾಲಿಕೊಂಡಿರುವುದಕ್ಕೂ ಇದೇ ಕಾರಣ. 1968ರಲ್ಲಿ ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್ಬರ್ಟ್ ಅದನ್ನು ಜನರ ಮುಂದೆ ತೋರಿಸಿದಾಗ ಬಾಣ ನೆಟ್ಟಗೆ ಮೇಲಕ್ಕಿತ್ತು. ಮುಂದೆ ಜೆರಾಕ್ಸ್ ಕಂಪನಿಯ ಪರದೆಗಳಲ್ಲಿ ಚುಕ್ಕಿ ಕಡಿಮೆ ಇದ್ದವು, ಅಲ್ಲಿ ಒಂದು ಬದಿ ನೇರ, ಇನ್ನೊಂದು ಬದಿ ಓರೆ ಇರುವ ಬಾಣವೇ ಚೆನ್ನಾಗಿ ಕಂಡಿತು.

ನನ್ನ ಮೊಗ್ಗೇನೋ ಚೆಂದ ಬಂತು, ಆದರೆ ಅಪ್ಪ ಒತ್ತಿದ್ದು ಒಂದು, ತೆರೆದದ್ದು ಪಕ್ಕದ್ದು. ಕರ್ಸರಿನಲ್ಲಿ ನಿಜವಾಗಿ ಕ್ಲಿಕ್ ಮಾಡುವುದು ಒಂದೇ ಒಂದು ಚುಕ್ಕಿ, ಅದಕ್ಕೆ ಹಾಟ್‌ಸ್ಪಾಟ್ ಅಂತ ಹೆಸರು. ಅದು ಎಡಗಡೆ ಮೇಲಿನ ಮೂಲೆಯಲ್ಲೇ ಉಳಿದಿತ್ತು, ನನ್ನ ಮೊಗ್ಗಿನ ತುದಿ ಮಧ್ಯದಲ್ಲಿತ್ತು. ಹಾಟ್‌ಸ್ಪಾಟನ್ನು ತುದಿಗೆ ತಂದೆ, ಸುತ್ತ ಕಪ್ಪು ಅಂಚು ಕೊಟ್ಟೆ. ಬಿಳಿ ಪುಟದ ಮೇಲೆ ಹಳದಿ ಎದ್ದು ಕಾಣಬೇಕು ಅಂದರೆ ಆ ಅಂಚು ಬೇಕೇ ಬೇಕು.

ಅಪ್ಪ ಈಗ ಬಾಣ ಹುಡುಕುವುದಿಲ್ಲ. "ಕಾಯುವಾಗ ಸುತ್ತುತ್ತಲ್ಲ, ಆ ನೀಲಿ ಬಳೆ, ಅದನ್ನೂ ಬದಲಾಯಿಸು ಮಗಾ" ಅಂದಿದ್ದಾರೆ. ಅದಕ್ಕೆ ಮೊಗ್ಗು ಎಸಳೆಸಳಾಗಿ ಬಿಚ್ಚಿಕೊಳ್ಳುವ ಎಂಟು ಚಿತ್ರ ಬೇಕು. ಐದು ಮುಗಿದಿವೆ. ಎಲ್ಲ ಆದ ಮೇಲೆ ನಾನೂ ಅದನ್ನು ಪುಕ್ಕಟೆ ಹಂಚುತ್ತೇನೆ.